ಎರಡು ಕೋಟು ಗುಂಡಿ

ಹೋದ ವಾರ ಕೋರ್ಟ್ ಹಾಲಿನಲ್ಲಿ, ಸರಿಯಾಗಿ ನನ್ನ ಕೇಸು ಕೂಗುವ ಹೊತ್ತಿಗೆ, ಕೋಟಿನ ಮೇಲಿನ ಗುಂಡಿ ಕಿತ್ತು ಬಿತ್ತು. ಬಿದ್ದದ್ದು ಅಲ್ಲೇ ನಿಲ್ಲಲಿಲ್ಲ. ಹಿರಿಯ ವಕೀಲರೊಬ್ಬರ ಬೂಟು ಬಳಸಿಕೊಂಡು ಉರುಳಿ ಬೆಂಚಿನ ಕೆಳಗೆ ಸೇರಿತು. ಮೂರು ವರ್ಷದ ವಕೀಲಿಕೆಯಲ್ಲಿ ನಾನು ಯಾರ ಮುಂದೆಯೂ ಮಂಡಿಯೂರಿದವಳಲ್ಲ. ಅವತ್ತು ಊರಿದೆ. ನ್ಯಾಯಾಧೀಶರು ಕನ್ನಡಕದ ಮೇಲಿನಿಂದ ನೋಡಿ, "ಏನಮ್ಮಾ, ದಾಖಲೆ ಕಳೆದುಹೋಯ್ತಾ?" ಎಂದರು. "ಸಿಕ್ತು ಸ್ವಾಮಿ," ಎಂದೆ. ನಾಲ್ಕು ತೂತಿನ ಕಪ್ಪು ಗುಂಡಿ, ಅಂಚು ಸವೆದಿತ್ತು. ಮುಷ್ಟಿಯಲ್ಲಿ ಹಿಡಿದುಕೊಂಡೇ ವಾದ ಮಾಡಿ, ಮುಂದಿನ ತಾರೀಖು ತೆಗೆದುಕೊಂಡು ಆಚೆ ಬಂದೆ.

ಆ ಗುಂಡಿಯ ಬೆಲೆ ಒಂದು ಕಾಲದಲ್ಲಿ ಐವತ್ತು ರೂಪಾಯಿ.

ಕಾರಿಡಾರಿನಲ್ಲಿ ಮುಷ್ಟಿ ಬಿಚ್ಚಿದಾಗ ಬೆವರಿನ ವಾಸನೆಯಷ್ಟೇ ಇದ್ದಿರಬೇಕು. ನನಗೆ ಮಾತ್ರ ರಾಗಿ ಹಿಟ್ಟಿನದೂ ಒದ್ದೆ ಬಟ್ಟೆಯ ಮೇಲೆ ಓಡುವ ಬಿಸಿ ಇಸ್ತ್ರಿಯದೂ ವಾಸನೆ ಬಂತು. ಇಂಥ ಮಾತು ಬೇರೆ ಯಾರಾದರೂ ಬರೆದಿದ್ದರೆ ನಾನೇ ಪಾಟೀಸವಾಲು ಹಾಕುತ್ತಿದ್ದೆ. ಬಂತು, ಅಷ್ಟೆ.

ಬಾಪೂಜಿನಗರದ ನಮ್ಮ ಮನೆಯ ಹಿಂದಿನ ಕ್ರಾಸಿನಲ್ಲಿ ಒಂದು ಹಿಟ್ಟಿನ ಗಿರಣಿಯಿತ್ತು, ಅದರ ಮೇಲಿನ ಮಹಡಿಯಲ್ಲಿ ಟೈಲರ್ ಅಂಗಡಿ. ಕೆಳಗೆ ಗಿರಣಿ ಓಡುವಾಗ ಮೇಲೆ ಮೊಳೆಗೆ ನೇತುಹಾಕಿದ ಕತ್ತರಿಗಳೆಲ್ಲ ಒಟ್ಟಿಗೆ ನಡುಗುತ್ತಿದ್ದವು. ಪ್ಯಾಂಟು, ಶರ್ಟು ಯಾವಾಗ ಬೇಕಾದರೂ ಕತ್ತರಿಸುತ್ತಿದ್ದ ಟೈಲರ್ ಅಂಕಲ್, ಕೋಟಿನ ಬಟ್ಟೆಯನ್ನು ಮಾತ್ರ ಗಿರಣಿ ನಿಂತ ಮೇಲೇ ಮುಟ್ಟುತ್ತಿದ್ದರು. ಹೀಗಾಗಿ ಅವರ ಕೋಟುಗಳು ಹುಟ್ಟುತ್ತಿದ್ದುದು ಭಾನುವಾರ ಬೆಳಿಗ್ಗೆ. ಮಧ್ಯಾಹ್ನ ಊಟವಾದ ಮೇಲೆ ಅದೇ ಕಟಿಂಗ್ ಟೇಬಲ್ಲಿನ ಮೇಲೆ ಇಸ್ಪೀಟು.

ನಾನು ಐದು ವರ್ಷದ ಲಾ ಕೋರ್ಸಿನ ಮೂರನೇ ವರ್ಷದಲ್ಲಿದ್ದೆ. ಚರ್ಚಾಸ್ಪರ್ಧೆಗೆಂದು ಕೊಂಡ ಬ್ಲೇಜರ್ ಭುಜದಲ್ಲಿ ದೊಡ್ಡದಾಗಿತ್ತು. ಅದನ್ನು ಹಿಡಿಸಲು ಭಾನುವಾರ ಹೋದರೆ ನಾಲ್ಕೈದು ಗಂಡಸರು ಟೇಬಲ್ಲಿನ ಸುತ್ತ ಕೂತು, ಗುಂಡಿಗಳನ್ನು ಪಣವಾಗಿಟ್ಟು ಪೋಕರ್ ಆಡುತ್ತಿದ್ದರು. ಶರ್ಟಿನ ಗುಂಡಿ ಹತ್ತು ರೂಪಾಯಿ, ಕೋಟಿನ ಗುಂಡಿ ಐವತ್ತು. ಮುಂದಿನ ವಾರದ ಸ್ಪರ್ಧೆಯ ವಿಷಯವೂ ಅದೇ ಆಗಿತ್ತು, ಪೋಕರ್ ಜೂಜೋ ಕೌಶಲವೋ ಎಂದು. ನನಗೆ ಸಿಕ್ಕಿದ್ದು ಕೌಶಲದ ಪಕ್ಷ, ಮನಸ್ಸಿನಲ್ಲಿ ನಂಬಿದ್ದು ಜೂಜಿನ ಪಕ್ಷ.

"ಇದು ಬರೀ ಅದೃಷ್ಟ ಅಲ್ವಾ ಅಂಕಲ್?" ಎಂದೆ, ಬಾಗಿಲಲ್ಲಿ ನಿಂತೇ.

"ಕೈ ಎತ್ತಮ್ಮ," ಎಂದು ಭುಜದ ಅಳತೆ ತೆಗೆದರು. ಟೇಪು ಕೊರಳಿಗೆ ಹಾಕಿಕೊಂಡ ಮೇಲೆ ಉತ್ತರ ಬಂತು. "ಎಲೆ ಬರೋದು ಅದೃಷ್ಟ. ಬಂದ ಎಲೆಗೆ ಎಷ್ಟು ಕಟ್ಬೇಕು ಅನ್ನೋದಿದೆಯಲ್ಲ, ಅದು ಕೆಲಸ."

ಸ್ಪರ್ಧೆ ಗೆದ್ದೆ. ಬ್ಲೇಜರ್ ಹಾಕಿಕೊಂಡೇ ಮುಂದಿನ ಭಾನುವಾರ ಹೋಗಿ, ಸಾವಿರ ರೂಪಾಯಿ ಕೊಟ್ಟು ಗುಂಡಿ ತೆಗೆದುಕೊಂಡು ಕೂತೆ. ಅಮ್ಮನಿಗೆ ಹೇಳಿದ್ದು ಕೋಟಿನ ಟ್ರಯಲ್ ಇದೆ ಎಂದು. ಒಂದು ಬ್ಲೇಜರಿಗೆ ಎರಡು ವರ್ಷ ಟ್ರಯಲ್ ನಡೆಯಿತು.

ಅವರು ಪೋಕರ್ ಕಲಿತದ್ದು ಗೋವಾದಲ್ಲಿ. ವಯಸ್ಸಿನಲ್ಲಿದ್ದಾಗ ಅಲ್ಲಿ ಒಂದು ಹೊಲಿಗೆ ಮನೆಯಲ್ಲಿದ್ದರಂತೆ, ಕ್ಯಾಸಿನೋದಲ್ಲಿ ಎಲೆ ಹಂಚುವವರಿಗೆ ವೇಸ್ಟ್‌ಕೋಟು ಹೊಲಿಯುತ್ತಿದ್ದರಂತೆ. ಆ ವೇಸ್ಟ್‌ಕೋಟಿಗೆ ಜೇಬು ಇರಕೂಡದು. ಪಣದ ಬಿಲ್ಲೆ ಎಲ್ಲಿ ಮಾಯವಾದೀತೋ ಎಂಬ ಭಯ. "ಜೇಬಿಲ್ದೆ ಹೊಲಿಯೋದು ಕಷ್ಟ ಕಣಮ್ಮ. ಕೈ ತಾನಾಗೇ ಜೇಬಿಗೆ ಜಾಗ ಬಿಡ್ತದೆ," ಎನ್ನುತ್ತಿದ್ದರು. ಅಳತೆ ಕೊಡಲು ಬಂದ ಹುಡುಗರು ಕಲಿಸಿದ ಆಟ ಅದು.

ಆಟ ಗೊತ್ತಿಲ್ಲದವರಿಗೆ ಎರಡೇ ಮಾತು. ಒಬ್ಬೊಬ್ಬರಿಗೂ ಎರಡು ಮುಚ್ಚಿದ ಎಲೆ. ಅದನ್ನು ನೋಡಿ ಮೊದಲ ಪಣ. ಆಮೇಲೆ ಮಧ್ಯದಲ್ಲಿ ಎಲ್ಲರಿಗೂ ಸೇರಿದ ಐದು ಎಲೆ ಹಂತ ಹಂತವಾಗಿ ತೆರೆಯುತ್ತವೆ, ನಡುನಡುವೆ ಮತ್ತೆ ಪಣ. ಉಳಿಯಬೇಕೆಂದವರು ಅಷ್ಟೇ ಪಣ ಕೊಟ್ಟು ಒಳಗೆ ಬರಬೇಕು, ಸಾಕೆನ್ನಿಸಿದವರು ಎಲೆ ಎಸೆದು ಎದ್ದುಬಿಡಬಹುದು. ಕೈಗೆ ಎರಡು ಎಕ್ಕವೋ ಎರಡು ರಾಜನೋ ಬಂದರೆ ಅದಕ್ಕಿಂತ ಒಳ್ಳೆಯ ಆರಂಭವಿಲ್ಲ. ಇಡೀ ಮಧ್ಯಾಹ್ನದಲ್ಲಿ ಒಂದೆರಡು ಸಲ ಬಂದರೆ ಹೆಚ್ಚು. ಬಂದಾಗ ಎಷ್ಟು ಕಟ್ಟಬೇಕು ಎನ್ನುವುದೇ ಪ್ರಶ್ನೆ. ಕಡಿಮೆ ಕಟ್ಟಿದರೆ ಇಡೀ ಸಂತೆ ಒಳಗೆ ಬರುತ್ತದೆ, ಜಾಸ್ತಿ ಕಟ್ಟಿದರೆ ಎಲ್ಲರೂ ಎದ್ದು ಹೋಗುತ್ತಾರೆ, ಎಕ್ಕಗಳನ್ನು ಹಿಡಿದುಕೊಂಡು ನಾವೊಬ್ಬರೇ ಕೂತಿರಬೇಕು.

ನನ್ನ ಹತ್ತಿರ ಅದಕ್ಕೆ ಸೂತ್ರವಿತ್ತು. ಕನಿಷ್ಠ ಪಣದ ಮೂರರಷ್ಟು, ಎಲೆ ಯಾವುದೇ ಇರಲಿ ಯಾವಾಗಲೂ ಅಷ್ಟೇ, ಆಗ ನಮ್ಮ ಗುಟ್ಟು ಯಾರಿಗೂ ಸಿಗುವುದಿಲ್ಲ. ನಮ್ಮಲ್ಲಿ ಕನಿಷ್ಠ ಇಪ್ಪತ್ತು, ಆದ್ದರಿಂದ ಅರವತ್ತು. ಮೊದಲ ತಿಂಗಳಲ್ಲೇ ಎರಡು ಎಕ್ಕ ಬಂದವು. ಅರವತ್ತು ಕಟ್ಟಿದೆ. ನಾಲ್ಕು ಜನ ಬಂದರು. ಅವರಲ್ಲಿ ಒಬ್ಬರು ಕೆಳಗಿನ ಗಿರಣಿಯ ಮಾಲೀಕರು, ಹೇರೋಹಳ್ಳಿಯ ಹೊಲ ಸೈಟುಗಳಾದ ಮೇಲೆ ಆ ಕಟ್ಟಡ ಕೊಂಡವರು. ಅವರ ಕೈಯಲ್ಲಿದ್ದದ್ದು ಎಂಟು ಮತ್ತು ಐದು. ಮಧ್ಯದಲ್ಲಿ ಎಂಟೂ ಬಂತು, ಐದೂ ಬಂತು, ಅವರ ಎರಡು ಜೋಡಿಯ ಮುಂದೆ ನನ್ನ ಒಂದು ಜೋಡಿ ಎಕ್ಕ ಸೋತವು.

"ನಾನು ಸರಿಯಾಗೇ ಆಡಿದೀನಿ," ಎಂದು ವಾದಿಸಿದೆ. "ಎಂಟು-ಐದು ಹಿಡ್ಕೊಂಡು ಯಾರಾದ್ರೂ ಬರ್ತಾರಾ?"

"ನಾನು ಬರ್ತೀನಮ್ಮ," ಎಂದರು ಗಿರಣಿ ಅಂಕಲ್, ನನ್ನ ಗುಂಡಿಗಳನ್ನು ಎಳೆದುಕೊಳ್ಳುತ್ತಾ. "ಐವತ್ತೆಂಟರಲ್ಲಿ ಹುಟ್ಟಿದ್ದು, ಅದಕ್ಕೆ."

ಟೈಲರ್ ಅಂಕಲ್ ನಗಲಿಲ್ಲ. "ಲಾಯರಮ್ಮ, ನೀನು ರೆಡಿಮೇಡ್ ಅಳತೆ ತಂದಿದೀಯ. ಇಲ್ಲಿ ಕೂತಿರೋರ ಮೈ ನೋಡಿಲ್ಲ. ಈ ಗಿರಣಿಯವನು ನೂರಕ್ಕೂ ಬರ್ತಾನೆ. ನಿನ್ ಪಕ್ಕದಲ್ಲಿರೋ ಕಂಡಕ್ಟ್ರು ಅರವತ್ತು ದಾಟಿದ್ರೆ ಇಳ್ಕೋತಾರೆ. ಒಳ್ಳೇ ಎಲೆ ಬಂದಾಗ ಒಬ್ರು ಉಳೀಬೇಕು, ಮಿಕ್ಕೋರು ಏಳ್ಬೇಕು. ಆ ರೇಟು ಯಾವ ಪುಸ್ತಕದಲ್ಲೂ ಇರಲ್ಲ. ಈ ಟೇಬಲ್ಲಿಗೆ ಎರಡು ಕೋಟು ಗುಂಡಿ."

ಎರಡು ಕೋಟು ಗುಂಡಿ ಎಂದರೆ ನೂರು ರೂಪಾಯಿ.

"ಒಳ್ಳೇ ಎಲೆಗೆ ಮಾತ್ರ ನೂರು ಕಟ್ಟಿದ್ರೆ, ನೂರು ಅಂದ್ರೆ ಒಳ್ಳೇ ಎಲೆ ಅಂತ ಎಲ್ರಿಗೂ ಗೊತ್ತಾಗಲ್ವಾ?"

"ಗೊತ್ತಾಗತ್ತೆ."

"ಮತ್ತೆ?"

"ಗೊತ್ತಾದ್ರೂ ಬರ್ತಾನಲ್ಲ," ಎಂದು ಗಿರಣಿ ಅಂಕಲ್ ಕಡೆ ಗದ್ದ ಎತ್ತಿದರು.

"ನಾನ್ಯಾಕಯ್ಯ ಬರ್ಲಿ," ಎಂದು ರೇಗಿದ ಗಿರಣಿ ಅಂಕಲ್ ಮುಂದಿನ ಆಟದಲ್ಲೇ ಬಂದರು. ಟೈಲರ್ ಅಂಕಲ್ ಕೈಯಲ್ಲಿ ಎರಡು ರಾಣಿಯಿದ್ದವು.

ಅಂದಿನಿಂದ ನಾನೊಂದು ಪುಸ್ತಕ ಇಟ್ಟೆ. ಅವರು ಮೊದಲ ಸುತ್ತಿನಲ್ಲಿ ಎಷ್ಟು ಕಟ್ಟಿದರು, ಕೊನೆಯಲ್ಲಿ ಯಾವ ಎಲೆ ತೋರಿಸಿದರು, ಎರಡೇ ಕಾಲಂ. ಒಂದು ವರ್ಷದಲ್ಲಿ ಚಿತ್ರ ಸ್ಪಷ್ಟವಾಯಿತು. ಎರಡು ಕೋಟು ಗುಂಡಿ ಮುಂದೆ ಬಂದರೆ ಎಕ್ಕದ ಜೋಡಿ, ರಾಜನ ಜೋಡಿ, ರಾಣಿಯ ಜೋಡಿ, ಇಲ್ಲವೇ ಎಕ್ಕ ಮತ್ತು ರಾಜ. ಬೇರೇನೂ ಇಲ್ಲ. ಆ ಎರಡು ಗುಂಡಿಯ ಸದ್ದು ಕೇಳಿದೊಡನೆ ನಾನು ಎಲೆ ಎಸೆಯುತ್ತಿದ್ದೆ. ಒಂದು ದಿನ ಮೆಟ್ಟಿಲ ಮೇಲೆ ಅವರೇ ಹೇಳಿದರು. "ನಿಂಗೆ ಗೊತ್ತು ಅಂತ ನಂಗೊತ್ತು. ನೀನೊಬ್ಳು ಎದ್ದು ಹೋದ್ರೆ ಪರ್ವಾಗಿಲ್ಲ ಬಿಡು, ಆ ಗಿರಣಿಯವನು ಇದಾನಲ್ಲ."

ಆ ಭಾನುವಾರಗಳನ್ನು ನೆನೆದರೆ ಈಗಲೂ... ಬಿಡಿ. ಕಂಡಕ್ಟರ್ ಅಂಕಲ್ ಬಗ್ಗೆ ಹೇಳಿಬಿಡುತ್ತೇನೆ. ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತರಾದವರು. ಎಲೆ ಎಸೆಯುವಾಗ "ನಾನ್ ಇಲ್ಲೇ ಇಳ್ಕೋತೀನಿ" ಎನ್ನುತ್ತಿದ್ದರು. ಯಾರಾದರೂ ಯೋಚಿಸುತ್ತ ಕೂತರೆ "ಡೋರ್ ಬಿಟ್ಟು ಒಳಗ್ ಹೋಗಿ" ಎನ್ನುತ್ತಿದ್ದರು. ಯಾವಾಗಿನಿಂದಲೋ ಇನ್ನೊಂದು ತಮಾಷೆ ಸೇರಿಸಿಕೊಂಡಿದ್ದರು. ಮಧ್ಯದಲ್ಲಿ ಎಲೆ ತೆರೆದಾಗಲೆಲ್ಲ ಸ್ಟಾಪು ಕೂಗಿದ ಹಾಗೆ ಜೋರಾಗಿ ಕೂಗುವುದು. "ಒಂಬತ್ತು ಇಸ್ಪೀಟು! ಆರು ಕಳಾವರ್! ಮೂರು ಆಟೀನು, ಯಾರ್ರೀ ಮೂರು ಆಟೀನು!" ನಾನು ನಕ್ಕು ನಕ್ಕು ಸಾಯುತ್ತಿದ್ದೆ. ಅದು ಯಾವಾಗ ಶುರುವಾಯಿತು, ಏಕೆ ಶುರುವಾಯಿತು ಎಂದು ಕೇಳಲಿಲ್ಲ. ಎಲ್ಲವನ್ನೂ ಪ್ರಶ್ನಿಸುತ್ತೇನೆ ಎಂದು ಬೀಗುತ್ತಿದ್ದವಳು, ಅದೊಂದನ್ನು ಕೇಳಲಿಲ್ಲ.

ನಾಲ್ಕನೇ ವರ್ಷದ ಕೊನೆಯ ಹೊತ್ತಿಗೆ ನನ್ನ ಪುಸ್ತಕ ಕೆಡತೊಡಗಿತು. ಟೈಲರ್ ಅಂಕಲ್ ಎರಡು ಕೋಟು ಗುಂಡಿ ಕಟ್ಟಿ, ಕೊನೆಯಲ್ಲಿ ರಾಣಿ ಮತ್ತು ಗುಲಾಮ ತೋರಿಸಿದರು. ಇನ್ನೊಂದು ವಾರ ರಾಜ ಮತ್ತು ರಾಣಿ. ಮತ್ತೊಂದು ಸಲ ಎರಡು ರಾಜರನ್ನು ಹಿಡಿದುಕೊಂಡು ಬರೀ ಇಪ್ಪತ್ತಕ್ಕೆ ಸುಮ್ಮನೆ ಬಂದರು. ನಾನು ಪುಳಕಗೊಂಡೆ. ನನ್ನಿಂದಾಗಿ ಅವರು ಆಟ ಬದಲಿಸಿದ್ದಾರೆ, ನಾನು ಓದುತ್ತಿದ್ದೇನೆಂದು ಗೊತ್ತಾಗಿ ಸುಳ್ಳು ಪಣ ಬೆರೆಸುತ್ತಿದ್ದಾರೆ ಎಂದುಕೊಂಡೆ. ಕೈಯಲ್ಲಿದ್ದ ಸಾಕ್ಷ್ಯಕ್ಕೆ ಹೊಂದುವ ವಿವರಣೆಗಳು ಎರಡಿದ್ದವು. ನನ್ನನ್ನು ದೊಡ್ಡವಳನ್ನಾಗಿ ಮಾಡುವ ವಿವರಣೆಯನ್ನು ಆರಿಸಿಕೊಂಡೆ.

ಆ ಭಾನುವಾರ ಗೋಡೆ ಪಕ್ಕದ ಬೆಂಚಿನಲ್ಲಿ ಮುಂದಿನ ಕ್ರಾಸಿನ ಹಿರಿಯರೊಬ್ಬರು ಸೂಟಿನ ಬಟ್ಟೆಯ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮಗನ ಮದುವೆ, ಮೂರು ಸೂಟು. ಈ ಆಟ ಮುಗಿಯಲಿ, ಅಳತೆ ತೆಗೆಯುತ್ತೇನೆ ಎಂದಿದ್ದರು ಟೈಲರ್ ಅಂಕಲ್.

ನನಗೆ ಎರಡು ಹತ್ತು ಬಂದಿದ್ದವು. ಟೈಲರ್ ಅಂಕಲ್ ಎರಡು ಕೋಟು ಗುಂಡಿ ಮುಂದಿಟ್ಟರು. ಕಂಡಕ್ಟರ್ ಅಂಕಲ್ ಇಳಿದುಕೊಂಡರು. ಗಿರಣಿ ಅಂಕಲ್ ಬಂದರು, ನಾನೂ ಬಂದೆ. ಒಂಬತ್ತು, ಆರು, ಮೂರು ಎಂದು ಕೂಗು ಬಿತ್ತು. ಟೈಲರ್ ಅಂಕಲ್ ಮತ್ತೆ ನಾಲ್ಕು ಕಟ್ಟಿದರು. ಗಿರಣಿ ಅಂಕಲ್ ಎಲೆ ಎಸೆದರು. ನಾನು ಕೊಟ್ಟೆ. ಆಮೇಲಿನ ಎಲೆ ಎರಡು. ಅವರು ಮುಂದಿದ್ದ ಗುಂಡಿಗಳನ್ನೆಲ್ಲ ಎರಡೂ ಅಂಗೈಯಿಂದ ಮುಂದೆ ತಳ್ಳಿದರು. ಹಳೆಯ ಟೈಲರ್ ಅಂಕಲ್ ಆಗಿದ್ದರೆ ನಾನು ಯಾವಾಗಲೋ ಎದ್ದಿರುತ್ತಿದ್ದೆ. ಪುಸ್ತಕದ ಹೊಸ ಪುಟಗಳನ್ನು ನೆನೆದು, ನನ್ನವನ್ನೂ ತಳ್ಳಿದೆ. ಕೊನೆಯ ಎಲೆ ಎಂಟು.

"ಎರಡು ರಾಜ," ಎಂದು ಅವರು ಎಲೆ ಇಟ್ಟರು.

ಒಂದು ಕಳಾವರ್ ರಾಜ. ಇನ್ನೊಂದು ಕಳಾವರ್ ಗುಲಾಮ.

ಅವರು ಗುಂಡಿಗಳಿಗೆ ಕೈ ಚಾಚಿದ್ದರು. ಗಿರಣಿ ಅಂಕಲ್ ಬಗ್ಗಿ ಎಲೆ ನೋಡಿ, ಒಂದು ಕ್ಷಣವೂ ತಡೆಯದೆ, "ರಾಜನೇ ಕಣಯ್ಯ, ಎಳ್ಕೋ ಎಳ್ಕೋ," ಎಂದು ಆ ಎರಡು ಎಲೆಗಳನ್ನು ಕಟ್ಟಿನೊಳಗೆ ಸೇರಿಸಹೋದರು. ನಾನು ಅವರ ಕೈ ಹಿಡಿದೆ.

"ಒಂದ್ನಿಮಿಷ. ಅದು ಗುಲಾಮ. ನನ್ನ ಹತ್ರ ಹತ್ತರ ಜೋಡಿ ಇದೆ, ನಾನು ಗೆದ್ದಿದೀನಿ."

"ಬಿಡಮ್ಮ, ಏನ್ ಈಗ," ಎಂದರು ಕಂಡಕ್ಟರ್ ಅಂಕಲ್, ಕೂಗುವ ದನಿಯಲ್ಲಿ ಅಲ್ಲ.

ಬಿಡಬಹುದಿತ್ತು. ನಾನು ಬಿಡುವವಳಾಗಿರಲಿಲ್ಲ. ಬಾಯಿ ಹೇಳಿದ್ದಲ್ಲ, ಎಲೆ ಹೇಳಿದ್ದೇ ಲೆಕ್ಕ ಎಂಬುದು ಈ ಟೇಬಲ್ಲಿನ ನಿಯಮ, ಟೈಲರ್ ಅಂಕಲ್ ಅವರೇ ಮಾಡಿದ್ದು ಎಂದೆ. ಬ್ಯಾಗಿನಿಂದ ಪುಸ್ತಕ ತೆಗೆದೆ. ಇದು ಮೊದಲ ಸಲವೂ ಅಲ್ಲ, ಹೋದ ತಿಂಗಳು ರಾಣಿ-ಗುಲಾಮ, ಅದಕ್ಕೆ ಮುಂಚೆ ರಾಜ-ರಾಣಿ, ನಿಜವಾಗಿ ಎರಡು ರಾಜ ಬಂದಾಗ ಇಪ್ಪತ್ತೇ ಕಟ್ಟಿದ್ದು... ಒಂದೊಂದೇ ಬೆರಳು ಮಡಚುತ್ತಾ ಓದಿದೆ. ಮೂರನೇ ಬೆರಳು ಮಡಚುವಾಗ ನನ್ನ ದನಿ ನನಗೇ ಕೇಳಿಸಿತು. ಮೂರೂ ಸಲ ತಪ್ಪಿದ್ದು ಚಿತ್ರದ ಎಲೆಗಳೇ. ಕಂಡಕ್ಟರ್ ಅಂಕಲ್ ಕೂಗು ನೆನಪಾಯಿತು. ಅವರೂ ಗಿರಣಿ ಅಂಕಲ್ಲೂ ನನ್ನ ಮುಖವನ್ನೇ ನೋಡುತ್ತಿದ್ದರು. ಹೇಳುವುದೆಲ್ಲ ಆಗಲೇ ಹೇಳಿಯಾಗಿತ್ತು.

ಟೈಲರ್ ಅಂಕಲ್ ಆ ಎಲೆಯನ್ನು ಎತ್ತಿ, ಟ್ಯೂಬ್‌ಲೈಟಿನ ಕಡೆ ಹಿಡಿದು, ಮೂಗಿನ ಹತ್ತಿರ ತಂದರು. ಮೊದಲು ಬಲಗಣ್ಣು, ಆಮೇಲೆ ಎಡಗಣ್ಣು.

"ಹೌದು. ಗುಲಾಮ."

ಗುಂಡಿಗಳನ್ನು ನನ್ನ ಕಡೆ ತಳ್ಳುವ ಮೊದಲು ವಿಂಗಡಿಸಿದರು. ಆಗ ಕಂಡೆ. ಅವರು ನೋಡುತ್ತಿರಲಿಲ್ಲ. ಹೆಬ್ಬೆರಳಿನಿಂದ ದಪ್ಪ ಸವರಿ ಕೋಟಿನದೋ ಶರ್ಟಿನದೋ ಎಂದು ಬೇರೆ ಮಾಡುತ್ತಿದ್ದರು. ಎಷ್ಟು ಕಾಲದಿಂದ ಹಾಗೆ ಎಣಿಸುತ್ತಿದ್ದರೋ.

ಬೆಂಚಿನ ಮೇಲಿದ್ದ ಹಿರಿಯರು ಎದ್ದರು. ಪೊಟ್ಟಣ ಅವರ ಕಂಕುಳಲ್ಲಿತ್ತು. "ಇವತ್ತು ನೀವು ಬಿಜಿ ಇದೀರಿ. ಅಳತೆ ಆಮೇಲೆ ಬಂದು ಕೊಡ್ತೀನಿ," ಎಂದರು. ಬಹಳ ಮರ್ಯಾದೆಯಿಂದಲೇ ಹೇಳಿದರು. ಮೆಟ್ಟಿಲಿಳಿಯುವ ಸದ್ದನ್ನು ನಾವೆಲ್ಲ ಕೊನೆಯವರೆಗೂ ಕೇಳಿದೆವು. ಅವರು ಮತ್ತೆ ಬರಲಿಲ್ಲ. ವಾರದೊಳಗೆ ಆ ಕ್ರಾಸಿಗೆಲ್ಲ ಗೊತ್ತಾಯಿತು.

ಕಣ್ಣಿನ ನರ ಒಣಗುತ್ತಿದೆ, ಆಪರೇಷನ್ನಿನಿಂದ ಪ್ರಯೋಜನವಿಲ್ಲ ಎಂದು ಡಾಕ್ಟರು ಹೇಳಿ ಆಗಲೇ ವರ್ಷವಾಗಿತ್ತಂತೆ. ಗೊತ್ತಿದ್ದದ್ದು ಆ ಇಬ್ಬರಿಗೆ ಮಾತ್ರ. ಅಂಗಡಿಯಲ್ಲಿ ಒಪ್ಪಿಕೊಂಡ ಕೆಲಸವಿತ್ತು, ಬೆರಳಿಗೆ ನಲವತ್ತು ವರ್ಷದ ಅಭ್ಯಾಸವಿತ್ತು, ಇನ್ನೆರಡು ವರ್ಷ ಹೇಗೋ ನಡೆಯುತ್ತದೆ ಎಂಬ ಲೆಕ್ಕವಿತ್ತು. ಕಣ್ಣು ಸರಿಯಿಲ್ಲದ ಟೈಲರ್ ಕೈಗೆ ಸೂಟಿನ ಬಟ್ಟೆ ಯಾರು ಕೊಡುತ್ತಾರೆ. ಇದನ್ನೆಲ್ಲ ಗಿರಣಿ ಅಂಕಲ್ ಹೇಳಿದ್ದು, ಹಿಟ್ಟು ಮೆತ್ತಿದ ಕೈಯನ್ನು ನನ್ನ ತಲೆಯ ಮೇಲಿಡಲು ಬಂದು, ಹಿಂದೆ ತೆಗೆದುಕೊಂಡು. "ನೀನ್ ಹೇಳ್ದಿದ್ರೆ ಇನ್ನೊಬ್ರು ಹೇಳಿರ್ತಿದ್ರು ಬಿಡಮ್ಮ." ಸಮಾಧಾನದ ಮಾತು. ವಾದವಾಗಿ ಅದು ನಿಲ್ಲುವುದಿಲ್ಲ. ಹೇಳಿದವಳು ನಾನು.

ಎರಡು ಭಾನುವಾರ ಹೋಗಲಿಲ್ಲ. ಮೂರನೆಯದಕ್ಕೆ ಹೋದೆ, ಬೆಳಿಗ್ಗೆ, ಗಿರಣಿ ನಿಂತಿದ್ದ ಹೊತ್ತಿನಲ್ಲಿ. ಓದು ಮುಗಿದ ಮೇಲೆ ನನ್ನ ಮೊದಲ ವಕೀಲರ ಕೋಟು ತಾವೇ ಹೊಲಿಯುವುದಾಗಿ ಅವರು ಯಾವಾಗಲೋ ಹೇಳಿದ್ದರು. ಅದಕ್ಕಿನ್ನೂ ಒಂದು ವರ್ಷವಿತ್ತು. ಆದರೂ ಬಟ್ಟೆ ಕೊಂಡು ಒಯ್ದೆ. ಅವರು ಪೊಟ್ಟಣ ಬಿಚ್ಚಿ, ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ, ಬಾಗಿಲಿನ ಬೆಳಕಿಗೆ ಹಿಡಿದು, ನಗತೊಡಗಿದರು.

"ಅಲ್ಲಮ್ಮ, ಕ್ಷಮೆ ಕೇಳೋಕೂ ಕಪ್ಪು ಬಟ್ಟೆನೇ ತರ್ಬೇಕಿತ್ತಾ? ಕಪ್ಪು ಬಟ್ಟೆ ಮೇಲೆ ಕಪ್ಪು ದಾರ, ಇಪ್ಪತ್ತು ವರ್ಷದ ಹುಡುಗನಿಗೇ ಕಾಣಲ್ಲ."

ನನಗದು ಹೊಳೆದೇ ಇರಲಿಲ್ಲ. ಅಲ್ಲೇ ಅತ್ತೆ. ಅವರು ಅಳಲು ಬಿಟ್ಟರು, ಆಮೇಲೆ ಸ್ಟೂಲು ತಳ್ಳಿದರು.

"ಕರುಣೆಗೆ ಕೊಡೋದಾದ್ರೆ ಬೇಡ. ತಗೊಂಡ್ ಹೋಗು."

"ನಾನ್ ಕರುಣೆ ಮಾಡೋಳಲ್ಲ, ನೋಡಿದ್ರಲ್ಲ ಅವತ್ತು," ಎಂದೆ, ಮೂಗೊರೆಸಿಕೊಂಡು. "ಕೆಟ್ಟದಾಗಿ ಹೊಲಿದ್ರೆ ದುಡ್ಡು ಕೊಡಲ್ಲ."

"ಹಂಗಾದ್ರೆ ಕೈ ಎತ್ತು."

ಆ ಕೋಟು ಹನ್ನೊಂದು ತಿಂಗಳು ತೆಗೆದುಕೊಂಡಿತು. ಟೇಪಿನ ಮೇಲೆ ಇಂಚಿಂಚಿಗೆ ದಾರದ ಗಂಟು ಹಾಕಿಕೊಂಡಿದ್ದರು, ಬೆರಳಿಗೆ ಸಿಗುವ ಹಾಗೆ. ಬೆಳಿಗ್ಗೆ ಬಾಗಿಲಿಗೆ ಬಿಸಿಲು ಬರುವ ಎರಡು ಗಂಟೆ ಮಾತ್ರ ಕತ್ತರಿ. ಸೂಜಿಗೆ ದಾರ ಪೋಣಿಸುವುದಷ್ಟೇ ಅವರಿಂದ ಆಗುತ್ತಿರಲಿಲ್ಲ. ಅದು ನನ್ನ ಕೆಲಸವಾಯಿತು. ಪ್ರತಿ ಭಾನುವಾರ ಹನ್ನೆರಡು ಸೂಜಿ ಪೋಣಿಸಿ, ಸೂಜಿ ಚುಚ್ಚಿಡುವ ಪುಟ್ಟ ದಿಂಬಿಗೆ ಸಾಲಾಗಿ ಚುಚ್ಚಿಟ್ಟು ಬರುತ್ತಿದ್ದೆ. ವಾರಪೂರ್ತಿ ಅವರು ಒಂದೊಂದೇ ತೆಗೆದುಕೊಳ್ಳುತ್ತಿದ್ದರು. ಮುಂದಿನ ಭಾನುವಾರ ದಿಂಬು ಬರಿದಾಗಿದ್ದರೆ ಕೆಲಸ ನಡೆದಿದೆ ಎಂದರ್ಥ. ಕೊನೆಕೊನೆಗೆ ನಾಲ್ಕೈದು ಹಾಗೇ ಉಳಿದಿರುತ್ತಿದ್ದವು.

ಇಸ್ಪೀಟೂ ನಿಲ್ಲಲಿಲ್ಲ. ಮೂಲೆಯಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಅಕ್ಷರವಿರುವ ಎಲೆಗಳನ್ನು ನಾನು ತರಿಸಿದೆ. ಗಿರಣಿ ಅಂಕಲ್ ಕಟ್ಟು ಬಿಚ್ಚಿ, "ಇದು ಎಲೆಯೋ ಅಂಗಡಿ ಬೋರ್ಡೋ?" ಎಂದರು.

"ನಿನಗೆ ವಯಸ್ಸಾಯ್ತಲ್ಲ, ಅದಕ್ಕೇ ತಂದಿದಾಳೆ," ಎಂದರು ಟೈಲರ್ ಅಂಕಲ್. ಆಮೇಲೆ ನನ್ನ ಕಡೆ ತಿರುಗಿ, "ಒಂದು ಮಾತು. ಅಯ್ಯೋ ಪಾಪ ಅಂತ ನನ್ ಮುಂದೆ ಎಲೆ ಎಸೆದ್ರೆ ಕೋಟಿನ ತೋಳು ಗಿಡ್ಡ ಮಾಡ್ತೀನಿ."

ಅವರ ಜೊತೆ ನಾನು ಆಡಿದ ಕೊನೆಯ ದೊಡ್ಡ ಆಟ ನನಗೆ ಎಲೆ ಎಲೆಯಾಗಿ ನೆನಪಿದೆ. ನನ್ನಲ್ಲಿ ಎರಡು ರಾಣಿಯಿದ್ದವು. ಅವರು ಎರಡು ಕೋಟು ಗುಂಡಿ ಕಟ್ಟಿದರು. ಗಿರಣಿ ಅಂಕಲ್ ಕೂಡ ಅವತ್ತು ಇಳಿದುಕೊಂಡರು. ನಾವಿಬ್ಬರೇ. ಒಂಬತ್ತು, ಏಳು, ಮೂರು. ಅವರು ಮೂರು ಗುಂಡಿ ಇಟ್ಟರು, ಕೊಟ್ಟೆ. ಆಮೇಲೆ ರಾಜ ಬಂತು. ಅವರು ಪಣ ಕಟ್ಟಲಿಲ್ಲ, ನಾನೂ ಕಟ್ಟಲಿಲ್ಲ. ಕೊನೆಯ ಎಲೆ ಎರಡು. ಅವರು ಗುಂಡಿಗಳ ರಾಶಿಯ ಮೇಲೆ ಹೆಬ್ಬೆರಳು ಓಡಿಸಿ, ಒಂದೊಂದಾಗಿ ಏಳು ಎಣಿಸಿ ಮುಂದೆ ಇಟ್ಟರು.

ಏಳು ಎಂದರೆ ಮುನ್ನೂರೈವತ್ತು ರೂಪಾಯಿ. ಎಷ್ಟೋ ಹೊತ್ತು ಕೂತೆ. ಅವರ ಹತ್ತಿರ ನಿಜವಾಗಿ ದೊಡ್ಡ ಜೋಡಿ ಇರಬಹುದು. ಗುಲಾಮನನ್ನು ರಾಜನೆಂದುಕೊಂಡಿರಬಹುದು. ಹಳೆಯ ಪುಸ್ತಕ ಎಸೆ ಎಂದಿತು, ಹೊಸ ಪುಟಗಳು ಕೊಡು ಎಂದವು. ಪಾಪ ಎಂದು ಎಸೆಯುವ ಹಾಗಿಲ್ಲ, ಅವರು ಮೊದಲೇ ಎಚ್ಚರಿಸಿದ್ದರು. ಎಂಟಾಗಿದ್ದರೆ ಎಸೆಯುತ್ತಿದ್ದೆ, ಇವತ್ತಿಗೂ ಆಣೆ ಮಾಡಿ ಹೇಳಬಲ್ಲೆ. ಏಳಕ್ಕೆ, ನೋಡಿಯೇಬಿಡೋಣ ಅನ್ನಿಸಿತು. ಕೊಟ್ಟೆ.

ಎರಡು ಎಕ್ಕ.

"ಎಕ್ಕಕ್ಕೆ ಕಣ್ಣು ಬೇಡ ಕಣಮ್ಮ," ಎಂದರು, ಗುಂಡಿಗಳನ್ನು ತಬ್ಬಿ ಎಳೆದುಕೊಳ್ಳುತ್ತಾ. "ನಡುವೆ ಒಂದೇ ಗುರುತು, ಮಿಕ್ಕಿದ್ದೆಲ್ಲ ಬಿಳಿ. ಬರೀ ಬಿಳಿ ಕಂಡ್ರೆ ಎಕ್ಕ."

"ಅದು ಸರಿ. ಏಳೇ ಯಾಕೆ?"

"ನಿಂಗೆ ಯಾವಾಗ್ಲೂ ಪ್ರೂಫ್ ಬೇಕು. ಪ್ರೂಫಿಗೆ ನೀನು ಎಷ್ಟರವರೆಗೆ ಕೊಡ್ತೀಯ ಅಂತ ನಂಗೊತ್ತು. ನಿನ್ನ ಅಳತೆ ತಗೊಂಡು ಎಷ್ಟು ವರ್ಷ ಆಯ್ತು."

ಕಂಡಕ್ಟರ್ ಅಂಕಲ್ ಬಹಳ ಹೊತ್ತು ನಕ್ಕರು. ನಾನೂ ನಕ್ಕೆ. ಅಷ್ಟು ಸಂತೋಷದಿಂದ ನಾನು ಯಾವತ್ತೂ ಸೋತಿಲ್ಲ.

ವಕೀಲಳಾಗಿ ಹೆಸರು ನೋಂದಾಯಿಸುವ ಹಿಂದಿನ ಭಾನುವಾರ ಕೋಟು ಕೊಟ್ಟರು. ಎರಡು ಗುಂಡಿಯ ಕೋಟು. ಹೊಸ ಗುಂಡಿ ಹಾಕಿರಲಿಲ್ಲ. ಟೇಬಲ್ಲಿನ ಡಬ್ಬಿಯಿಂದಲೇ ಎರಡು ಆರಿಸಿ ಹಾಕಿದ್ದರು, ಎಷ್ಟೋ ಭಾನುವಾರ ಕೈಯಿಂದ ಕೈಗೆ ದಾಟಿ ಅಂಚು ಸವೆದವು. ಗುಂಡಿ ತೂರಿಸುವ ಕೆಳಗಿನ ಕಾಜಾ ಒಂದು ನೂಲಿನಷ್ಟು ಓರೆಯಾಗಿತ್ತು. ಅವರು ಅಲ್ಲೇ ಬೆರಳಿಟ್ಟು ನನ್ನ ಮಾತಿಗೆ ಕಾಯುತ್ತಿದ್ದರು.

"ಕೆಳಗಿನ ಕಾಜಾ ಓರೆ ಇದೆ ಅಂಕಲ್."

"ಇದೆ," ಎಂದರು. ಮುಖ ತಿಳಿಯಾಯಿತು. "ನೂರು ರೂಪಾಯಿ ಕಡಿಮೆ ಕೊಡು."

ಅದಾದ ಮೇಲೆ ಅವರು ಕೋಟು ಹೊಲಿಯಲಿಲ್ಲ. ಅಂಗಡಿ ಮುಚ್ಚಿ ದಾವಣಗೆರೆಯ ಮಗಳ ಮನೆಗೆ ಹೋದರು. ಫೋನಿನಲ್ಲಿ ನನ್ನ ಕೇಸುಗಳ ಕಥೆ ಕೇಳಿ, ಎದುರು ವಕೀಲರು ಎಂಥವರು, ಬೇಗ ರೇಗುತ್ತಾರೋ, ತಡೆದುಕೊಳ್ಳುತ್ತಾರೋ ಎಂದು ವಿಚಾರಿಸುತ್ತಿದ್ದರು. ಹೋದ ಬೇಸಿಗೆಯಲ್ಲಿ ಗಿರಣಿ ಅಂಕಲ್ ಫೋನ್ ಮಾಡಿದರು. "ಲಾಯರಮ್ಮ, ನಮ್ ಟೈಲ್ರು..." ಎಂದರು. ಹಿಂದೆ ಗಿರಣಿ ಓಡುವ ಸದ್ದಿತ್ತು. ದಾವಣಗೆರೆಗೆ ಮೊದಲ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದೆ.

ನಾನು ಅವತ್ತು ಬಾಯಿ ಮುಚ್ಚಿಕೊಂಡಿದ್ದರೆ ಅವರಿಗೆ ಆ ಎರಡು ವರ್ಷ ಸಿಗುತ್ತಿತ್ತೇ? ಸಿಗುತ್ತಿತ್ತು ಎಂದು ಅರ್ಧ ಗಂಟೆ ವಾದಿಸಬಲ್ಲೆ. ಇಲ್ಲ, ಯಾರದೋ ಮದುವೆ ಸೂಟು ಹಾಳಾಗಿ ಇದಕ್ಕಿಂತ ದೊಡ್ಡ ಅವಮಾನವಾಗುತ್ತಿತ್ತು ಎಂದೂ ಅಷ್ಟೇ ಹೊತ್ತು ವಾದಿಸಬಲ್ಲೆ. ಎರಡನ್ನೂ ಮಾಡಿ ನೋಡಿದ್ದೇನೆ, ಒಬ್ಬಳೇ ಇರುವಾಗ. ತೀರ್ಪು ಕೊಡಬೇಕಾದವರು ದಾವಣಗೆರೆಯಲ್ಲಿ ಹೋಗಿಬಿಟ್ಟರು.

ಕಿತ್ತ ಗುಂಡಿಯನ್ನು ಹಿಡಿದು ನಿನ್ನೆ ವಿಜಯನಗರದ ಆಲ್ಟರೇಷನ್ ಅಂಗಡಿಯೊಂದಕ್ಕೆ ಹೋಗಿದ್ದೆ. ಆತ ಕೋಟು ತಿರುಗಿಸಿ ನೋಡಿ, "ಮೇಡಂ, ಗುಂಡಿ ಎರಡೂ ಸವೆದಿದೆ, ಹೊಸ ಸೆಟ್ ಹಾಕ್ತೀನಿ. ಈ ಕಾಜಾನೂ ಸರಿ ಇಲ್ಲ, ಬಿಚ್ಚಿ ಹೊಸದು ಮಾಡ್ಕೊಡ್ತೀನಿ," ಎಂದ. ಕೆಲಸ ಬಲ್ಲವನೇ. ಬೇಡ ಎಂದು ಕೋಟು ವಾಪಸ್ ತೆಗೆದುಕೊಂಡು ಬಂದೆ.

ಇವತ್ತು ಬೆಳಿಗ್ಗೆ ಬಾಗಿಲಿಗೆ ಬಿಸಿಲು ಬಂದಾಗ, ಹೊಸ್ತಿಲ ಮೇಲೆ ಕೂತು, ಕಪ್ಪು ದಾರ ತೆಗೆದುಕೊಂಡು ಸೂಜಿ ಪೋಣಿಸಿದೆ. ಒಂದು ಗುಂಡಿ ಹೊಲಿಯಲು ಒಂದು ಸೂಜಿ ಸಾಕು. ತಲೆಯೆತ್ತಿ ನೋಡಿದಾಗ ಪಕ್ಕದ ಸೂಜಿದಿಂಬಿನ ಅಂಚಿನಲ್ಲಿ, ನಾನೇ ದಾರ ಪೋಣಿಸಿ ಚುಚ್ಚಿದ ಸೂಜಿಗಳು ಸಾಲಾಗಿ ಹನ್ನೆರಡು ನಿಂತಿದ್ದವು. ಒಂದನ್ನು ತೆಗೆದುಕೊಂಡು ಗುಂಡಿ ಹೊಲಿದೆ. ಮಿಕ್ಕ ಹನ್ನೊಂದು ಅಲ್ಲೇ ಇವೆ, ತೆಗೆಯಲು ಇನ್ನೂ ಮನಸ್ಸು ಬಂದಿಲ್ಲ...